ಹನ್ನೊಂದು ಸಾಲಿನ ಮಳೆಗಾಲ

ಹೋದ ವಾರ ಪುಣೆಯ ಬಿಬವೇವಾಡಿಯಲ್ಲಿರುವ ಸೋದರತ್ತೆಯ ಮನೆಗೆ ಹೋಗುವಾಗ ಮಳೆ ಜೋರಾಯಿತು. ಸ್ಕೂಟರ್ ನಿಲ್ಲಿಸಿ ಒಂದು ಡೇರಿ ಅಂಗಡಿಯ ತಗಡಿನ ಕೆಳಗೆ ನಿಂತೆ. ಅಂಗಡಿಯವರು ಬಾಗಿಲಲ್ಲೇ ಹಾಲಿನ ಕ್ಯಾನುಗಳನ್ನು ತೊಳೆಯುತ್ತಿದ್ದರು. ಬಿಸಿನೀರು, ವಾಷಿಂಗ್ ಸೋಡಾ, ಅದರಡಿಯಲ್ಲಿ ಹುಳಿತ ಹಾಲು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೂರು ವರ್ಷದ ಹಿಂದಿನ ಮಳೆಗಾಲ ನೆನಪಾಗಿ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳುವುದು ಕಷ್ಟ. ಒಬ್ಬರ ಮೇಲಾಗಿದ್ದರೆ ಇಷ್ಟು ಹೊತ್ತಿಗೆ ಇಳಿದುಹೋಗುತ್ತಿತ್ತು.

ಆಗ ನಾನಿದ್ದದ್ದು ಆಕುರ್ಡಿಯ ಒಂದು ಸಣ್ಣ ಕಂಪನಿಯಲ್ಲಿ. ಕೆಳಗೆ ತಗಡು ಕತ್ತರಿಸುವ ವರ್ಕ್‌ಶಾಪು, ಮಾಳಿಗೆಯ ಮೇಲೆ ನಾವು ಹದಿನಾಲ್ಕು ಜನ. ಹಳ್ಳಿಗಳ ಹಾಲು ಸಂಗ್ರಹ ಕೇಂದ್ರಗಳಲ್ಲಿ ಹಾಲನ್ನು ತಂಪಾಗಿಡುವ ದೊಡ್ಡ ಸ್ಟೀಲ್ ಟ್ಯಾಂಕು ಇರುತ್ತದಲ್ಲ, ಕೂಲರ್ ಅನ್ನುತ್ತಾರೆ, ಅದರ ಪಕ್ಕದ ಗೋಡೆಗೆ ಕೂರಿಸುವ ಪೆಟ್ಟಿಗೆ ನಮ್ಮ ಮಾಲು. ಅದು ಹಾಲು ಎಷ್ಟು ತಂಪಾಗಿದೆ ಎಂದು ಅಳೆದು ಅಳೆದು ಹಾಲಿನ ಸಂಘದ ಕಂಪ್ಯೂಟರಿಗೆ ಕಳಿಸುತ್ತಿರುತ್ತದೆ. ಪೆಟ್ಟಿಗೆಯೊಳಗೆ ಲಿನಕ್ಸ್ ಓಡುತ್ತದೆ. ಉಷ್ಣತೆ ಅಳೆಯಲು ಕಡಲೆಬೇಳೆಯಷ್ಟು ದೊಡ್ಡದೊಂದು ಚಿಪ್ ಇರುತ್ತದೆ. ಲಿನಕ್ಸಿನ ತಿರುಳಿಗೆ ಕರ್ನಲ್ ಎಂದು ಹೆಸರು. ಚಿಪ್ಪಿನ ಮಾತು ಕರ್ನಲ್ಲಿಗೆ ತಿಳಿಯುವಂತೆ ಮಾಡುವ ಕೋಡು ಡ್ರೈವರ್. ಅದನ್ನು ಬರೆಯುವುದು ನನ್ನ ಕೆಲಸ.

ಮಾಲೀಕರು ದೇಶಪಾಂಡೆ ಸರ್, ಬೆಳಗಾವಿಯವರು. ಗಿರಾಕಿಗಳ ಜೊತೆ ಮರಾಠಿ, ಬ್ಯಾಂಕಿನವರ ಜೊತೆ ಹಿಂದಿ, ನನ್ನ ಜೊತೆ ಕನ್ನಡ. ನಮ್ಮದು ಧಾರವಾಡದ ಮನೆತನ, ನಾನು ಹುಟ್ಟಿ ಬೆಳೆದದ್ದು ನಿಗಡಿಯಲ್ಲಿ. ಹಾಗಾಗಿ ಅವರಿಗೆ ನಾನು ಅರ್ಧ ಮನೆಯವಳು, ಅಂದರೆ ಬೇರೆಯವರಿಗೆ ಹೇಳದ ಬೈಗುಳಗಳನ್ನೂ ನನಗೆ ಹೇಳಬಹುದು.

ಜೂನ್ ಮೊದಲ ವಾರ ಅವರು ನನ್ನ ಮೇಜಿನ ಮೇಲೆ ಒಂದು ಹೊಸ ಬೋರ್ಡ್ ಇಟ್ಟರು. "ಹಳೇ ಚಿಪ್ ಮಾಡೋದು ಬಂದ್ ಮಾಡ್ಯಾರ್ರಿ. ಇದು ಅದರ ತಮ್ಮ. ಎಷ್ಟ್ ದಿನ ಬೇಕು?"

"ಎರಡು ದಿನ ಸಾಕು ಸರ್."

"ಇನ್ನೊಂದು ಅದ. ಸಂಘದವರು ಈ ಸಲ ನಮ್ಮ ಖಾಸಗಿ ಕೋಡ್ ಒಲ್ಲೆ ಅಂತಾರ. ಜಗತ್ತಿನವರೆಲ್ಲಾ ಬಳಸೋ ಆ ಮೂಲ ಕರ್ನಲ್ ಅದಲ್ಲ, ಅದರಾಗ ನಮ್ಮ ಡ್ರೈವರ್ ಸೇರಿರಬೇಕಂತ. ಪ್ರತಿ ಸಲ ಅವರು ಕರ್ನಲ್ ಹೊಸದು ಹಾಕಿದಾಗ ನಮ್ಮದು ಮುರೀತದ, ನಾವು ಮನಶಾನ್ನ ಕಳಸಬೇಕು. ಅವರಿಗೂ ಸಾಕಾಗೇದ."

"ಅದೂ ಆಗ್ತದ ಸರ್," ಎಂದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಆ ವರ್ಷ ನಾನು ಏನು ಬೇಕಾದರೂ ಕೊಡುತ್ತಿದ್ದೆ.

ನಮ್ಮಲ್ಲಿ ಆಗಲೇ ನಾಲ್ಕು ಡ್ರೈವರ್ ಫೈಲುಗಳಿದ್ದವು, ನಾಲ್ಕು ವರ್ಷಗಳಲ್ಲಿ ಬಳಸಿದ ನಾಲ್ಕು ಚಿಪ್ಪುಗಳಿಗೆ. ಮೊದಲ ಎರಡನ್ನು ಬರೆದವರು ಕೆಲಸ ಬಿಟ್ಟು ಹೋಗಿದ್ದರು. ಮೂರು ಮತ್ತು ನಾಲ್ಕನೆಯದು ಪ್ರಸನ್ನನವು. ಪ್ರಸನ್ನ ಮೈಸೂರಿನವನು, ನನ್ನ ಎದುರಿನ ಕುರ್ಚಿ. ಪ್ರತಿ ಫೈಲೂ ಅದರ ಹಿಂದಿನದರ ನಕಲು. ಹೆಸರು ಬದಲಿಸಿ, ಒಂದೆರಡು ಸಂಖ್ಯೆ ಬದಲಿಸಿ, ಮುಗಿಸಿದ್ದರು. ನಾನೂ ಅದನ್ನೇ ಮಾಡಿದೆ. ನಾಲ್ಕನೆಯದನ್ನು ನಕಲು ಮಾಡಿ ಐದನೆಯದು ತಯಾರಿಸಿದೆ. ಒಂದೂವರೆ ದಿನ ಹಿಡಿಯಿತು. ಬೋರ್ಡ್ ಚಂದವಾಗಿ ಉಷ್ಣತೆ ತೋರಿಸಿತು. ಫೈಲನ್ನು ಪ್ಯಾಚ್ ಮಾಡಿ, ಅಂದರೆ ಕರ್ನಲ್ಲಿನವರು ಒಪ್ಪುವ ರೂಪಕ್ಕೆ ತಂದು, ಮೇಲ್ ಮಾಡಿದೆ. ಹೊರಗೆ ಮೊದಲ ಮಳೆ. ಕೆಳಗಿನ ವರ್ಕ್‌ಶಾಪಿನವರು ಕರಿದ ಮೆಣಸಿನಕಾಯಿ ಭಜಿ ತರಿಸಿ ನಮಗೂ ಕಳಿಸಿದರು. ಅದು ಆ ಮಳೆಗಾಲದ ಕೊನೆಯ ನೆಮ್ಮದಿಯ ಮಧ್ಯಾಹ್ನ.

ಕರ್ನಲ್ಲಿನ ಆ ಭಾಗವನ್ನು ನೋಡಿಕೊಳ್ಳುವವರು ಎಲ್ಲೋ ಚಳಿ ದೇಶದಲ್ಲಿರುವ ಒಬ್ಬ ಹಿರಿಯರು. ಹೆಸರು ಬೇಡ. ಅವರ ಉತ್ತರ ಒಂದು ವಾರದ ಮೇಲೆ ಬೆಳಗಿನ ಚಹಾದ ಹೊತ್ತಿಗೆ ಬಂತು. "ಇದರಲ್ಲಿ ಹೊಸದೇನಿದೆ? ಈ ಕುಟುಂಬದ ಚಿಪ್ಪುಗಳಿಗೆ ಕರ್ನಲ್ಲಿನಲ್ಲಿ ಆಗಲೇ ಒಂದು ಡ್ರೈವರ್ ಇದೆ. ಅದನ್ನು ಬಳಸಿ." ನಮಸ್ಕಾರವಿಲ್ಲ, ಏನೂ ಇಲ್ಲ.

ಆ ಡ್ರೈವರ್ ಇರುವುದು ನನಗೆ ಗೊತ್ತಿತ್ತು. ನಮ್ಮ ಹಳೆಯ ನಾಲ್ಕು ಚಿಪ್ಪುಗಳನ್ನೂ ಅದು ಬಲ್ಲದು. ಒಮ್ಮೆ ತೆರೆದು ನೋಡಿ, ಚಿಪ್ಪುಗಳ ಸಂಸಾರವೆಲ್ಲ ಒಂದರೊಳಗೊಂದು ಸಿಕ್ಕಿಕೊಂಡಿರುವುದನ್ನು ಕಂಡು ಮುಚ್ಚಿದ್ದೆ. ಈಗ ಮತ್ತೆ ತೆರೆದೆ. ಎಲ್ಲ ಚಿಪ್ಪುಗಳಿಗೂ ಸಮಾನವಾದ ಭಾಗವನ್ನು ಬಿಡಿಸಿ ಬೇರೆ ಇಡಬೇಕು, ಆಮೇಲೆ ನನ್ನ ಚಿಪ್ಪನ್ನು ಅದರ ಪಕ್ಕ ಕೂರಿಸಬೇಕು. ಎರಡು ದಿನದ ಕೆಲಸ ಮೂರು ವಾರಕ್ಕೆ ಹೋಯಿತು.

"ನಿಂತ ನೀರಿನಾಗ ಸ್ಕೂಟರ್ ನಡಸಿಕೊಂಡು ಬರೋದು, ಬಂದು ಮಂದಿ ಬರದ ಕೋಡ್ ಬಿಡಿಸೋದು. ಇದು ನನ್ನ ಹಣೇಬರಾ," ಎಂದು ಗೊಣಗಿದೆ.

ಪ್ರಸನ್ನ ತಲೆ ಎತ್ತದೆ ಹೇಳಿದ, "ನಮ್ ಕೋಡ್ ಆಗ್ಲೇ ವರ್ಕ್ ಆಗ್ತಿದೆ ಅಲ್ವಾ? ಸಂಘದವರಿಗೆ ಹಾಗೇ ಹೇಳಿಬಿಡಿ. ಯಾಕ್ ಸುಮ್ನೆ ಟೆನ್ಷನ್?"

ಎರಡನೆಯ ಸಲ ಕಳಿಸಿದೆ. ಉತ್ತರ: "ಕೋಡನ್ನು ಜಾಗ ಬದಲಿಸುವುದು ಒಂದು ಪ್ಯಾಚ್. ಹೊಸದನ್ನು ಸೇರಿಸುವುದು ಇನ್ನೊಂದು. ಎರಡನ್ನೂ ಒಂದೇ ಗಂಟು ಕಟ್ಟಿದರೆ ನಾನು ಹೇಗೆ ಓದಲಿ?" ಗಂಟು ಬಿಚ್ಚಿ ಮೂರನೆಯ ಸಲ ಕಳಿಸಿದೆ. ಉತ್ತರ: "'ಈ ಚಿಪ್ ಆದರೆ ಹೀಗೆ, ಆ ಚಿಪ್ ಆದರೆ ಹಾಗೆ' ಎಂದು ಹದಿನೇಳು ಕಡೆ ಬರೆದಿದ್ದೀರಿ. ವ್ಯತ್ಯಾಸಗಳನ್ನು ಒಂದು ಪಟ್ಟಿಯಲ್ಲಿ ಇಡಿ. ಕೋಡು ಎಲ್ಲರಿಗೂ ಒಂದೇ ಇರಲಿ." ಅವರು ಎಣಿಸಿದ್ದರು. ನಾನೂ ಎಣಿಸಿದೆ. ಹದಿನೇಳೇ ಇದ್ದವು.

ಅಷ್ಟರಲ್ಲಿ ಆಷಾಢ ಮುಗಿಯುತ್ತ ಬಂದು, ಗಣಪತಿ ಹಬ್ಬಕ್ಕೆ ಢೋಲ್ ಬಾರಿಸುವವರ ತಾಲೀಮು ನಮ್ಮ ಆಫೀಸಿನ ಹಿಂದಿನ ಮೈದಾನದಲ್ಲಿ ಶುರುವಾಗಿತ್ತು. ಸಂಜೆ ಐದಾಯಿತೆಂದರೆ ಕಿಟಕಿಯ ಗಾಜು ನಡುಗುತ್ತಿತ್ತು. ಕೆಳಗೆ ತಗಡು, ಹಿಂದೆ ಢೋಲು, ಮುಂದೆ ದೇಶಪಾಂಡೆ ಸರ್.

"ಏನ್ರಿ ವಿದ್ಯಾ, ಎರಡು ದಿನ ಅಂದಿದ್ರಿ."

"ಸರ್, ಅವರು ಒಪ್ಪವಲ್ಲರು."

"ಭಾಳ ಶಾಣ್ಯಾ ಇದ್ದೀರಿ ಅಂತ ನಿಮಗ ಕೊಟ್ಟೆ. ಒಬ್ಬ ಮನಶಾಗ ತಿಳಿಸಿ ಹೇಳಲಿಕ್ಕೆ ಆಗೂದಿಲ್ಲೇನು?"

ಆ ದಿನ ನಾನು ಹಿರಿಯರಿಗೆ ಒಂದು ಉದ್ದ ಮೇಲ್ ಬರೆದೆ. ನಿಮಗೆ ನಮ್ಮ ಗಿರಾಕಿಗಳ ಕಷ್ಟ ಗೊತ್ತಿಲ್ಲ, ಕೂತ ಜಾಗದಿಂದ ಹೇಳುವುದು ಸುಲಭ, ಇತ್ಯಾದಿ. ಓದಿ ನೋಡಿ ಅಳಿಸಿದೆ. ಪಟ್ಟಿ ಮಾಡಿ ನಾಲ್ಕನೆಯ ಸಲ ಕಳಿಸಿದೆ.

ಈ ಸಲ ಒಂದೇ ಪ್ರಶ್ನೆ: "ಈಗ ಚೆನ್ನಾಗಿದೆ. ಆದರೆ ಹಳೆಯ ಚಿಪ್ ಬಳಸುವವರ ಕೋಡನ್ನೂ ನೀವು ಮುಟ್ಟಿದ್ದೀರಿ. ಹಳೆಯ ಚಿಪ್ಪಿನ ಮೇಲೆ ಪರೀಕ್ಷಿಸಿದ್ದೀರಾ?"

ಇಲ್ಲ. ನಮ್ಮ ಡ್ರಾಯರುಗಳಲ್ಲಿ ಮೊದಲ ಚಿಪ್ಪಿನ ಬೋರ್ಡ್ ಒಂದೂ ಉಳಿದಿರಲಿಲ್ಲ. ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಹಳೆಯ ಪೆಟ್ಟಿಗೆಗಳು ಇನ್ನೂ ಓಡುತ್ತಿದ್ದದ್ದು ಬಾರಾಮತಿ ಕಡೆಯ ಕೆಲವು ಹಳ್ಳಿಗಳಲ್ಲಿ. ದೇಶಪಾಂಡೆ ಸರ್ ಯೋಚಿಸಿ ಒಂದು ಹೆಸರು ಹೇಳಿದರು.

"ಮಂದಾಬಾಯಿ ಅಂತ ಅದಾರ. ಅವರ ಕೇಂದ್ರದ್ದು ತಗೊಂಡು ಬರ್ರಿ, ಬದಲಿಗೆ ಹೊಸಾದು ಹಾಕ್ರಿ. ಹಂಗೂ ಆ ಬಾಯಿ ಕೂಲರ್ ನೆಟ್ಟಗ ಇಟ್ಟುಕೊಳ್ಳೂದಿಲ್ಲ. ದಸರಾ ಆದಮ್ಯಾಲ ಕೇಂದ್ರ ಬ್ಯಾರೇದವರಿಗೆ ಕೊಡ್ತೀವಿ ಅಂತ ಸಂಘದವರು ನೋಟಿಸ್ ಕೊಟ್ಟಾರ."

ಪುಣೆಯಲ್ಲಿ ರೇನ್‌ಕೋಟ್ ಹಾಕಿಕೊಂಡು ಬಸ್ ಹತ್ತಿದವಳು ಬಾರಾಮತಿಯಲ್ಲಿ ಇಳಿದಾಗ ನೆಲ ಒಣಗಿತ್ತು. ಅಲ್ಲಿ ಮೋಡ ಬರುತ್ತದೆ, ನಿಲ್ಲುವುದಿಲ್ಲ. ಕಾಲುವೆಯ ನೀರಿಗೆ ಬೆಳೆದ ಕಬ್ಬು ಎರಡೂ ಕಡೆ ಆಳೆತ್ತರ ನಿಂತಿತ್ತು. ರೇನ್‌ಕೋಟನ್ನು ಮಡಚಿ ಬಗಲಲ್ಲಿ ಇಟ್ಟುಕೊಂಡು ಹಳ್ಳಿಯ ರಿಕ್ಷಾ ಹತ್ತಿದೆ.

ಮಂದಾಬಾಯಿಗೆ, ನಾನು ಕರೆದದ್ದು ಮಂದಾತಾಯಿ ಎಂದು, ಐವತ್ತರ ಹತ್ತಿರ ವಯಸ್ಸು. ಮೊಣಕಾಲಿನವರೆಗೆ ಸೀರೆ ಎತ್ತಿ ಕಟ್ಟಿ ಕ್ಯಾನು ತೊಳೆಯುತ್ತಿದ್ದರು. ಬಿಸಿನೀರು, ಸೋಡಾ, ಹುಳಿ ಹಾಲು. ನಾನು ಯಾರು ಎಂದು ತಿಳಿದ ಮೇಲೂ ಕೈ ನಿಲ್ಲಿಸಲಿಲ್ಲ. "ಮಶೀನ್ ಖೋಟಂ ಬೋಲ್ತಂಯ," ಎಂದರು. ಯಂತ್ರ ಸುಳ್ಳು ಹೇಳುತ್ತಿದೆ. "ಎರಡು ವರ್ಷದಿಂದ ಹೇಳ್ತಿದ್ದೀನಿ. ನಿಮ್ಮ ಕಂಪನಿಗೆ ಫೋನ್ ಮಾಡಿದೆ, ಸಂಘಕ್ಕೆ ಹೋದೆ. ಕೂಲರ್ ಮುಚ್ಚಳ ತೆಗೆದಿಟ್ಟು ಹೋಗಿರ್ತೀಯ ಅಂತ ನನಗೇ ಬೈದರು."

ಕೈ ಒರೆಸಿಕೊಂಡು ಒಳಗಿಂದ ಹಳೆಯ ಗೋಡೆ ಕ್ಯಾಲೆಂಡರಿನ ಹಾಳೆಗಳನ್ನು ತಂದರು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಅಂಕಿಗಳು. ತಾನೇ ಕೊಂಡ ಗಾಜಿನ ಥರ್ಮಾಮೀಟರನ್ನು ಹಾಲಿಗೆ ಇಳಿಬಿಟ್ಟು ನೋಡಿದ್ದು ಒಂದು ಕಡೆ, ಅದೇ ಗಳಿಗೆ ಪೆಟ್ಟಿಗೆ ತೋರಿಸಿದ್ದು ಇನ್ನೊಂದು ಕಡೆ. ನಾಲ್ಕು, ನಾಲ್ಕು. ನಾಲ್ಕು, ನಾಲ್ಕು. ನಾಲ್ಕು, ಎಂಟು. ನಾಲ್ಕು, ಸೊನ್ನೆ.

"ಇಷ್ಟು ದೊಡ್ಡ ಟ್ಯಾಂಕಿನ ಹಾಲು ಕಣ್ಣು ಮುಚ್ಚಿ ತೆಗೆಯೋದರೊಳಗೆ ನಾಲ್ಕರಿಂದ ಎಂಟಕ್ಕೆ ಹೋಗಿ ತಿರುಗಿ ನಾಲ್ಕಕ್ಕೆ ಬರುತ್ತದಾ? ನೀನು ಓದಿದವಳು, ಹೇಳು," ಎಂದರು.

ಸೊನ್ನೆ ಬಂದರೆ ಸಂಘದ ಕಂಪ್ಯೂಟರು ತಂತಿ ಬಿಟ್ಟಿತೆಂದು ಕಡೆಗಣಿಸುತ್ತಿತ್ತು. ಎಂಟು ಬಂದರೆ ಅವರ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುತ್ತಿತ್ತು. ಗೆರೆ ಹೆಚ್ಚಾದಂತೆ ಅವರ ಕೇಂದ್ರದ ಹಾಲು ಎರಡನೆಯ ದರ್ಜೆಗೆ ಇಳಿಯಿತು. ಹಾಲು ಹಾಕುತ್ತಿದ್ದವರು ಒಬ್ಬೊಬ್ಬರೇ ಪಕ್ಕದ ಊರಿನ ಕೇಂದ್ರಕ್ಕೆ ಹೋದರು.

ನಾನು ಲ್ಯಾಪ್‌ಟಾಪ್ ಜೋಡಿಸಿ, ಮಗುಚಿ ಇಟ್ಟ ಕ್ಯಾನಿನ ಮೇಲೆ ಕೂತೆ. ನಮ್ಮ ಹಳೆಯ ಡ್ರೈವರನ್ನೇ ಓಡಲು ಬಿಟ್ಟು ನೋಡುತ್ತ ಹೋದೆ. ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಸಲ, 7.98. ಮರುಕ್ಷಣ 3.98. ಚಿಪ್ ಕೆಟ್ಟಿರಬೇಕು ಎಂದುಕೊಂಡೆ. ಅದೇ ಚಿಪ್ಪಿನ ಮೇಲೆ ಮೂಲ ಕರ್ನಲ್ಲಿನ ಡ್ರೈವರನ್ನು, ನಾನು ಎರಡು ತಿಂಗಳಿಂದ ಶಪಿಸುತ್ತ ಬಿಡಿಸುತ್ತಿದ್ದದ್ದನ್ನು, ಓಡಿಸಿದೆ. ಒಂದು ಗಂಟೆ ಕಾದೆ. ಎರಡು ಗಂಟೆ. ಸಂಜೆಯ ಹಾಲು ಬಂತು, ಅಳೆದರು, ಸುರಿದರು, ಮತ್ತೆ ತಂಪಾಯಿತು. ಅಂಕಿ ಒಂದೇ ಒಂದು ಸಲವೂ ನೆಗೆಯಲಿಲ್ಲ.

ಎರಡೂ ಡ್ರೈವರುಗಳ ಕೋಡನ್ನು ಪಕ್ಕ ಪಕ್ಕ ತೆರೆದು ನೋಡಿದಾಗ ತಿಳಿಯಿತು. ಈ ಚಿಪ್ ತನ್ನ ಅಳತೆಯನ್ನು ಎರಡು ತುಂಡಾಗಿ ಇಟ್ಟುಕೊಂಡಿರುತ್ತದೆ, ದೊಡ್ಡ ಭಾಗ ಮತ್ತು ಸಣ್ಣ ಭಾಗ. ಗಡಿಯಾರದಲ್ಲಿ ಗಂಟೆ ಮುಳ್ಳನ್ನು ಮೊದಲು ನೋಡಿ, ಆಮೇಲೆ ನಿಮಿಷದ ಮುಳ್ಳನ್ನು ನೋಡಿದ ಹಾಗೆ. 3:59ಕ್ಕೆ ಮೂರು ಗಂಟೆ ಎಂದು ನೋಡಿಕೊಂಡು, ನಿಮಿಷ ನೋಡುವಷ್ಟರಲ್ಲಿ ನಾಲ್ಕು ಹೊಡೆದರೆ, ಮೂರು ಗಂಟೆ ಸೊನ್ನೆ ನಿಮಿಷ ಎಂದು ಬರೆದುಕೊಳ್ಳುತ್ತೇವೆ. ಒಂದು ಗಂಟೆ ತಪ್ಪು. ಈ ಚಿಪ್ಪಿನಲ್ಲಿ ದೊಡ್ಡ ಭಾಗ ನಾಲ್ಕು ಡಿಗ್ರಿಗೊಮ್ಮೆ ಹೊರಳುತ್ತದೆ. ಏರುವಾಗ ಹೀಗಾದರೆ ನಾಲ್ಕು ಸೊನ್ನೆಯಾಗುತ್ತದೆ, ಇಳಿಯುವಾಗ ಆದರೆ ಎಂಟಾಗುತ್ತದೆ. ಎರಡನ್ನೂ ಒಂದೇ ಏಟಿಗೆ ಓದಬೇಕು. ಮೂಲ ಕರ್ನಲ್ಲಿನ ಡ್ರೈವರ್ ವರ್ಷಗಳಿಂದ ಹಾಗೆಯೇ ಓದುತ್ತಿತ್ತು. ನಮ್ಮದು ಒಂದಾದ ಮೇಲೆ ಒಂದನ್ನು ಓದುತ್ತಿತ್ತು.

ಹಾಲನ್ನು ನಾಲ್ಕು ಡಿಗ್ರಿಯಲ್ಲಿ ಇಡಿ ಎನ್ನುವುದು ಸಂಘದ ನಿಯಮ. ಆರರಲ್ಲಿ ಇಟ್ಟುಕೊಂಡು ಸುಮ್ಮನಿದ್ದವರಿಗೆ ಏನೂ ಆಗಿರಲಿಲ್ಲ. ಕಟ್ಟುನಿಟ್ಟಾಗಿ ನಾಲ್ಕರಲ್ಲೇ ಇಟ್ಟ ಈ ಹೆಂಗಸಿನ ಹಾಲು ದಿನವೆಲ್ಲ ಆ ಹೊರಳುವ ಜಾಗದಲ್ಲೇ ನಿಂತಿರುತ್ತಿತ್ತು.

ಅಲ್ಲಿಂದಲೇ ಪ್ರಸನ್ನನಿಗೆ ಫೋನ್ ಮಾಡಿದೆ.

"ಓ, ಅದಾ?" ಎಂದ. "ಆಫೀಸಲ್ಲಿ ಎಸಿ ಇಪ್ಪತ್ನಾಲ್ಕಕ್ಕೆ ಇಟ್ಟಾಗ ರೀಡಿಂಗ್ ಜಂಪ್ ಆಗ್ತಿತ್ತು. ಅದಕ್ಕೇ ಮೂರನೇ ಡ್ರೈವರಲ್ಲಿ ಫಿಕ್ಸ್ ಮಾಡಿದ್ನಲ್ಲ. ನಾಲ್ಕರಲ್ಲೂ ಇದೆ."

"ಮೊದಲೆರಡರಾಗ?"

"ಅವು ನನ್ ಫೈಲ್ ಅಲ್ವಲ್ಲ, ವಿದ್ಯಾ."

ಫೋನ್ ಇಟ್ಟೆ. ಬೈಯುವ ಹಕ್ಕು ನನಗೂ ಇರಲಿಲ್ಲ. ಜೂನಿನಲ್ಲಿ ಐದನೆಯ ನಕಲು ಮಾಡಿದವಳು ನಾನೇ. ಪ್ರಸನ್ನನ ತಿದ್ದುಪಡಿ ನನ್ನ ನಕಲಿನಲ್ಲಿ ಬಂದದ್ದು, ನಾನು ಎರಡನೆಯದರ ಬದಲು ನಾಲ್ಕನೆಯ ಫೈಲನ್ನು ಹಿಡಿದುಕೊಂಡದ್ದರಿಂದ ಮಾತ್ರ.

ಮಂದಾತಾಯಿಗೆ ಮರಾಠಿಯಲ್ಲಿ ಹೇಳಿದೆ, ತಪ್ಪು ನಿಮ್ಮದಲ್ಲ, ಯಂತ್ರದ್ದು, ಅಂದರೆ ನಮ್ಮದು. ಹೊಸ ಪೆಟ್ಟಿಗೆ ಕೂರಿಸಿ ಹಳೆಯದನ್ನು ಚೀಲಕ್ಕೆ ಹಾಕಿಕೊಂಡೆ. ಅವರು "ಚಹಾ ಕುಡಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಮರುದಿನ ಆಫೀಸಿನಲ್ಲಿ ದೇಶಪಾಂಡೆ ಸರ್ ಬಾಗಿಲು ಹಾಕಿಕೊಂಡು ನಾನು ಹೇಳಿದ್ದೆಲ್ಲ ಕೇಳಿಸಿಕೊಂಡರು. ಮುಗಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎಲ್ಲಾ ಹಳೇ ಪೆಟ್ಟಿಗೆಗೆ ಹೊಸಾ ಡ್ರೈವರ್ ಹಾಕೂಣು. ಗದ್ದಲ ಇಲ್ಲದ. ಆದದ್ದು ಆಗಿ ಹೋತು, ಈಗ ಯಾಕ ಎತ್ತೂದು?"

"ಆ ನೋಟಿಸ್ ಸರ್?"

"ಸಂಘದವರಿಗೆ ಗೊತ್ತಾದ್ರ ಮುಂದಿನ ಕೆಲಸ ನಮಗ ಕೊಡ್ತಾರೇನ್ರಿ? ಹದಿನಾಲ್ಕು ಮಂದಿ ಅದೀರಿ."

"ಆಕಿ ಎರಡು ವರ್ಷ ಕ್ಯಾಲೆಂಡರಿನ ಹಿಂದ ಬರಕೊಂಡು ಕೂತಾಳ್ರಿ ಸರ್. ನಮಗೂ ಫೋನ್ ಮಾಡ್ಯಾಳ. ಯಾರು ಎತ್ತಿದ್ರು, ಏನ್ ಹೇಳಿದ್ರು ನನಗ ಗೊತ್ತಿಲ್ಲ. ನೀವು ಹೋಗದಿದ್ರ ನಾ ಹೋಗ್ತೀನಿ."

ಅವರು ಕನ್ನಡಕವನ್ನು ತಿರುಗಿ ಹಾಕಿಕೊಂಡರು. ನಾನು ನನ್ನ ಜಾಗಕ್ಕೆ ಬಂದು, ಕೆಲಸ ಹೋದರೆ ಮನೆಯಲ್ಲಿ ಏನು ಹೇಳುವುದೆಂದು ಯೋಚಿಸುತ್ತ ಕೂತೆ. ಢೋಲಿನ ಸದ್ದಿಗೆ ತಲೆ ಸಿಡಿಯುತ್ತಿತ್ತು. ಅದೇ ಸಂಜೆ, ತೀರ ಹಟಕ್ಕೆ ಬಿದ್ದು, ಹಳೆಯ ಚಿಪ್ಪಿನ ಮೇಲೆ ಪರೀಕ್ಷಿಸಿದ್ದೇನೆ ಎಂದು ಸೇರಿಸಿ ಐದನೆಯ ಸಲ ಪ್ಯಾಚ್ ಕಳಿಸಿದೆ.

ಎರಡು ದಿನ ಬಿಟ್ಟು ಬೆಳಿಗ್ಗೆ ದೇಶಪಾಂಡೆ ಸರ್ ತಮ್ಮ ಕಾರನ್ನು ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದರು. ಧೋ ಧೋ ಮಳೆ. ಗಾಜು ಇಳಿಸಿ, "ನಡೀರಿ, ಬಾರಾಮತಿಗೆ ನಾನೂ ಬರ್ತೀನಿ," ಎಂದರು. "ನೀವೊಬ್ಬರ ಹೇಳಿದ್ರ ತಪ್ಪು ನಿಮ್ಮದಾಗ್ತದ."

ಸಂಘದ ಅಧಿಕಾರಿಯ ಮೇಜಿನ ಮೇಲೆ ಎರಡು ಡ್ರೈವರುಗಳ ಅಳತೆಯನ್ನು ಪಕ್ಕ ಪಕ್ಕ ಇಟ್ಟೆವು, ಕ್ಯಾಲೆಂಡರಿನ ಹಾಳೆಗಳನ್ನೂ. ಅಧಿಕಾರಿ ದೇಶಪಾಂಡೆ ಸರ್‌ಗೆ ಅರ್ಧ ಗಂಟೆ ಮರಾಠಿಯಲ್ಲಿ ಚೆನ್ನಾಗಿ ಬೈದರು. ಅರವತ್ತು ದಾಟಿದ ಮನುಷ್ಯ ನಿಂತುಕೊಂಡೇ ಕೇಳಿಸಿಕೊಂಡರು. ಕೊನೆಗೆ ನೋಟಿಸು ಹಿಂದಕ್ಕೆ ಹೋಯಿತು. ಕೆಂಪು ಗೆರೆಗಳನ್ನು ತೆಗೆಯಲು ಒಪ್ಪಿದರು.

ಮಂದಾತಾಯಿಗೆ ಸುದ್ದಿ ಹೇಳಲು ಹೋದೆವು. ಅವರು ಖುಷಿಪಡುತ್ತಾರೆ, ಕೈ ಹಿಡಿಯುತ್ತಾರೆ ಎಂದು ನಾನು ಅಂದುಕೊಂಡಿದ್ದೆ ಎಂದರೆ ನಾಚಿಕೆಯಾಗುತ್ತದೆ.

"ನಾನು ಹೇಳಿದಾಗ ನೀವು ಬರಲಿಲ್ಲ," ಎಂದರು. "ನಿಮಗೆ ಆ ಹಳೆಯ ಬೋರ್ಡ್ ಬೇಕಾಯಿತು, ಅದಕ್ಕೆ ಬಂದಿರಿ. ಇರಲಿ. ಇಂಥ ಪೆಟ್ಟಿಗೆ ಇನ್ನೂ ಎಷ್ಟು ಕಡೆ ಇವೆ? ಅವರಿಗೆ ಹೇಳಿದ್ದೀರಾ?"

ದೇಶಪಾಂಡೆ ಸರ್ ನನ್ನ ಮುಖ ನೋಡಿದರು. ನಾವು ಹೇಳಿರಲಿಲ್ಲ.

ಗಣಪತಿ ವಿಸರ್ಜನೆಯಾದ ವಾರ ಹಿರಿಯರ ಮೇಲ್ ಬಂತು. "ಸೇರಿಸಿಕೊಂಡಿದ್ದೇನೆ. ಧನ್ಯವಾದ." ಸಮಾನ ಭಾಗವನ್ನು ಬಿಡಿಸಿಟ್ಟ ಮೇಲೆ, ಪಟ್ಟಿ ಮಾಡಿದ ಮೇಲೆ, ಹೊಸ ಚಿಪ್ಪಿಗೆಂದು ಬೇಕಾದದ್ದು ಹನ್ನೊಂದು ಸಾಲು. ದೇಶಪಾಂಡೆ ಸರ್ ಪರದೆಯ ಹತ್ತಿರ ಬಗ್ಗಿ ಎಣಿಸಿದರು.

"ಮೂರೂವರಿ ತಿಂಗಳು. ಹನ್ನೊಂದು ಸಾಲು."

"ಹೌದ್ರಿ ಸರ್."

"ಆ ನಾಲ್ಕು ಫೈಲು?"

"ಅಳಿಸ್ತೀನಿ," ಎಂದೆ. ಪ್ರಸನ್ನ ಎದುರಿನ ಕುರ್ಚಿಯಿಂದ ಎದ್ದು ಬಂದ. ತನ್ನವೆರಡನ್ನು ತಾನೇ ಅಳಿಸಿದ. ನನ್ನ ಕಡೆ ನೋಡಲಿಲ್ಲ. ಆಮೇಲೆ ಹಳೆಯ ಸರ್ವಿಸ್ ರಿಜಿಸ್ಟರನ್ನು ತೆಗೆದು, ಮೊದಲೆರಡು ಬಗೆಯ ಪೆಟ್ಟಿಗೆಗಳು ಯಾರ ಕೇಂದ್ರಗಳಿಗೆ ಹೋಗಿದ್ದವು ಎಂದು ಹುಡುಕಿ, ಹೆಸರು ಮತ್ತು ಫೋನ್ ನಂಬರುಗಳನ್ನು ಒಂದು ಹಾಳೆಯಲ್ಲಿ ಬರೆದು ನನ್ನ ಮುಂದಿಟ್ಟ. "ಮರಾಠಿ ನಂಗೆ ಅಷ್ಟು ಬರಲ್ಲ. ನೀವೇ ಫೋನ್ ಮಾಡ್ಬೇಕು."

ಒಂಬತ್ತು ಹೆಸರು. ಇಬ್ಬರು ಏನೂ ತೊಂದರೆಯಾಗಿಲ್ಲ ಎಂದರು. ಒಬ್ಬರು ಪೆಟ್ಟಿಗೆಯ ತಂತಿಯನ್ನು ಎಂದೋ ಕಿತ್ತಿಟ್ಟಿದ್ದರು. ಒಬ್ಬರು ಬೈದರು, ನಾನು ಬೈಸಿಕೊಂಡೆ. ಹೀಗೆ ಮುಗಿಸುತ್ತ ಬಂದು ಕೊನೆಯ ನಂಬರಿಗೆ ಮಾಡಿದಾಗ ಆ ಕಡೆ ಲಾರಿಯ ಇಂಜಿನ್ನಿನ ಸದ್ದು. ಹಾಳೆಯಲ್ಲಿ ಬರೀ 'ದತ್ತಾ' ಎಂದಿತ್ತು.

"ಹಾಲಿನ ಕೇಂದ್ರವಾ? ಅದು ಹೋದ ಚಳಿಗಾಲದಲ್ಲೇ ಹೋಯಿತಲ್ಲ," ಎಂದರು ಅವರು ಮರಾಠಿಯಲ್ಲಿ. "ಸಂಘದವರು ಬೇರೆಯವರಿಗೆ ಕೊಟ್ಟರು. ನಾನೀಗ ಕಬ್ಬಿನ ಲಾರಿ ಓಡಿಸ್ತೀನಿ."

ನಾನು ಹೇಳಬೇಕಾದದ್ದನ್ನು ಹೇಳಿದೆ. ಅವರು ಇಂಜಿನ್ ಬಂದ್ ಮಾಡಿ, ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ ಹೇಳಿದೆ.

"ಇದನ್ನು ಕಾಗದದ ಮೇಲೆ ಬರೆದು ಕೊಡ್ತೀರಾ?" ಎಂದು ಕೇಳಿದರು. "ಕೇಂದ್ರಕ್ಕಲ್ಲ. ಅದು ಬರಲ್ಲ, ಗೊತ್ತು. ನಾನು ಕೂಲರ್ ಬಂದ್ ಮಾಡಿ ಊರು ತಿರುಗಲು ಹೋಗ್ತಿದ್ದೆ ಅಂತ ನಮ್ಮಪ್ಪ ಈಗಲೂ ನಂಬಿದಾರೆ. ಆ ಹಾಲಿನಲ್ಲಿ ಅವರ ಎಮ್ಮೆಗಳದ್ದೂ ಇತ್ತು."

ಕಂಪನಿಯ ಲೆಟರ್‌ಹೆಡ್ ತೆಗೆದುಕೊಂಡು ಮರಾಠಿಯಲ್ಲಿ, ಕೈಯಲ್ಲೇ ಬರೆದೆ. ನಾಲ್ಕು ವಾಕ್ಯ ಸಾಕಾಯಿತು. ದೇಶಪಾಂಡೆ ಸರ್ ಓದಿ ಸಹಿ ಮಾಡಿದರು. ಲಕೋಟೆಗೆ ಹಾಕುವ ಮೊದಲು ಮೇಲುಗಡೆ ಹೆಸರಿನ ಜಾಗ ಖಾಲಿ ಇದ್ದದ್ದು ಕಂಡು ಮತ್ತೆ ಫೋನ್ ಮಾಡಿದೆ. ಪೂರ್ತಿ ಹೆಸರು ಹೇಗೆ ಬರೆಯಲಿ ಎಂದು ಕೇಳಿದೆ.

"ದತ್ತಾತ್ರೇಯ," ಎಂದು ಶುರು ಮಾಡಿ ಹೇಳಿದರು, "ನಡುವೆ ಅಪ್ಪನ ಹೆಸರು ತಪ್ಪದೆ ಹಾಕಿ. ಪಾಂಡುರಂಗ."